ದೊಂದಿಯಿಂದ ಡಿಮ್ಮರಿಗೆ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗುವ ಹೊತ್ತಿಗೆ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ ಕಡೆಯ ಗೋಡೆಗಳ ಮೇಲೆ ನಾಟಕದ ಪೋಸ್ಟರ್‌ಗಳು ಏಳುತ್ತವೆ. ಮೇಲ್ಗಡೆ ಊರ ದೇವರ ಚಿತ್ರ. ಅದರ ಕೆಳಗೆ ಅಣ್ಣ, ತಂಗಿ, ಗೌಡ, ರೈತ ಇವರಲ್ಲೊಬ್ಬರಾದರೂ ಇರಲೇಬೇಕಾದ ಸಾಮಾಜಿಕ ನಾಟಕದ ಹೆಸರು. ಆಮೇಲೆ ಊರ ಹುಡುಗರ ಫೋಟೊಗಳ ಸಾಲು, ಸಂಭಾವನೆ ಕೊಟ್ಟು ಹೊರಗಿಂದ ಕರೆಸುವ ನಟಿಯರದು ಮಾತ್ರ ಒಂದು ಸುತ್ತು ದೊಡ್ಡ ಫೋಟೊ. ಎಲ್ಲಕ್ಕಿಂತ ಕೆಳಗೆ, ಅಂಟು ಜಾಸ್ತಿಯಾಗಿ ಮುದುಡಿಕೊಂಡ ಅಂಚಿನಲ್ಲಿ, ರಂಗಸಜ್ಜಿಕೆ ಯಾರದು ಎಂಬ ಒಂದು ಸಾಲು. ನೋಡಲು ಬರುವವರು ಓದದೆ ಬಿಡುವ ಸಾಲು ಅದು. ಆಡುವವರಿಗೆ ಹಾಗಲ್ಲ. ಸೀನರಿಯವರಿಗೆ ಮುಂಗಡ ಕೊಟ್ಟು ಬಂದ ಮೇಲೇ ಎಷ್ಟೋ ಊರುಗಳಲ್ಲಿ ನಾಟಕದ ತಾರೀಖು ಗಟ್ಟಿಯಾಗುವುದು.

ರಂಗಸಜ್ಜಿಕೆ ಅಂದರೆ ಈಗ ಪರದೆ, ಸೈಡ್‌ವಿಂಗು, ಲೈಟು, ಮೈಕು ಎಲ್ಲ ಸೇರಿತು. ಇವೆಲ್ಲ ಒಟ್ಟಿಗೆ ಬಂದವಲ್ಲ, ಒಂದೇ ದಿಕ್ಕಿನಿಂದ ಬಂದವೂ ಅಲ್ಲ. ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕುಗಳು ಆಟದ ಮಟ್ಟಿಗೆ ಗಡಿಸೀಮೆ ಇದ್ದ ಹಾಗೆ. ಸೊರಬದ ಪಡುವಲಿಗೆ ಕಾನು, ಅಡಕೆ ತೋಟ, ಘಟ್ಟ ಹತ್ತಿ ಬರುವ ಬಡಗುತಿಟ್ಟಿನ ಯಕ್ಷಗಾನ. ಶಿಕಾರಿಪುರದಿಂದ ಮೂಡಲಿಗೆ ಹೊರಟರೆ ಮೆಕ್ಕೆಜೋಳದ ಹೊಲ, ಹಿರೇಕೆರೂರು–ರಾಣೇಬೆನ್ನೂರು ಬದಿಯ ದೊಡ್ಡಾಟ, ದಾವಣಗೆರೆಯ ಕಂಪನಿ ನಾಟಕ. ಇನ್ನೊಂದು ಪಕ್ಕದಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನ ಹೊಸ ನಾಟಕ. ಇಲ್ಲಿನ ಜನ ಇವೆಲ್ಲವನ್ನೂ ನೋಡಿದ್ದಾರೆ, ಒಂದೊಂದಕ್ಕೂ ಬೇರೆಬೇರೆ ರೀತಿಯಲ್ಲಿ ಕೂತಿದ್ದಾರೆ. ಹೀಗೆ ಕೂರುವ ರೀತಿ ಬದಲಾದದ್ದು ಕಥೆಯಿಂದಲ್ಲ, ಬೆಳಕು ಎಲ್ಲಿಂದ ಬೀಳುತ್ತದೆ ಎನ್ನುವುದರಿಂದ ಎಂದು ನನಗನ್ನಿಸುತ್ತದೆ.

ಕುಣಿತ ಈ ನೆಲಕ್ಕೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನೆಂದು ಹೇಳುವ ಅಲ್ಲಮ, ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದ್ದಳೆಗಾರನಾಗಿಯೇ ಮೊದಲು ಕಾಣಿಸಿಕೊಳ್ಳುತ್ತಾನೆ. ಸೊರಬದ ಗಡಿ ದಾಟಿದರೆ ಸಿಗುವ ಬನವಾಸಿಯ ಗುಡಿಯಲ್ಲಿ ಮಾಯೆ ಕುಣಿಯುತ್ತಾಳೆ, ಇವನು ಬಾರಿಸುತ್ತಾನೆ. ಕಂಬಗಳ ಮಂಟಪ, ದೀಪ, ಸುತ್ತ ನಿಂತ ಜನ. ಅದಕ್ಕಿಂತ ಹೆಚ್ಚಿನ ಸಜ್ಜಿಕೆ ಬೇಕಿರಲಿಲ್ಲ.

ಬಯಲಾಟಕ್ಕೆ ಆ ಮಂಟಪವೂ ಬೇಡ. ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು, ಮಾವಿನ ತೋರಣ ಕಟ್ಟಿದರೆ ರಂಗಸ್ಥಳ. ಹಿಂದುಗಡೆ ಭಾಗವತರು, ಮದ್ದಳೆ, ಚೆಂಡೆ. ನಡುವೆ ಒಂದು ರಥ. ರಥವೆಂದರೆ ಚಕ್ರವೂ ಇಲ್ಲದ, ಕುದುರೆಯೂ ಇಲ್ಲದ ಮರದ ಪೀಠ. ದೇವೇಂದ್ರನಿಗೆ ಅದೇ ಸಿಂಹಾಸನ, ಅರ್ಜುನನಿಗೆ ಅದೇ ತೇರು. ಸೆಟ್ಟು ಅಂತ ಹೇಳುವಂಥದ್ದು ಇದ್ದರೆ ಅದು ವೇಷಧಾರಿಯ ಮೈಮೇಲೇ ಇತ್ತು. ಬಡಗಿನ ಕೇದಗೆ ಮುಂದಲೆಯನ್ನು ತಂದು ತಲೆಗೆ ಇಡುವುದಲ್ಲ, ವೇಷ ಕಟ್ಟುವ ಚೌಕಿಯಲ್ಲಿ ಕೂತು ಬಟ್ಟೆಯ ಸುತ್ತು ಸುತ್ತಾಗಿ ತಲೆಯ ಮೇಲೇ ಕಟ್ಟಬೇಕು. ಎದೆಕಟ್ಟು, ಭುಜಕೀರ್ತಿಗಳು ಹಗುರ ಮರದ ಕೆತ್ತನೆ, ಅದರ ಮೇಲೆ ಹೊಳೆಯುವ ಬೇಗಡೆ, ಕನ್ನಡಿ ಚೂರು. ಗಂಧದ ಕೆತ್ತನೆಗೆ, ಬೆಂಡಿನ ಬಾಸಿಂಗಕ್ಕೆ ಹೆಸರಾದ ಸೊರಬ–ಸಾಗರದ ಗುಡಿಗಾರರ ಊರಿನವರಿಗೆ ಈ ಕೈಕೆಲಸದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಬೇಗಡೆ ಹಗಲು ಹೊತ್ತಿನಲ್ಲಿ ನೋಡಿದರೆ ಸ್ವಲ್ಪ ಅಗ್ಗವಾಗಿಯೇ ಕಾಣುತ್ತದೆ. ಅದನ್ನು ಮಾಡಿದ್ದು ದೊಂದಿಗಾಗಿ. ಕಂಬದ ಪಕ್ಕದಲ್ಲಿ, ಆಳೆತ್ತರದಲ್ಲಿ ಉರಿಯುವ ಬೆಂಕಿ ಒಂದೇ ಸಮನೆ ಇರುವುದಿಲ್ಲ. ಗಾಳಿ ಬಂದರೆ ಬಾಗುತ್ತದೆ, ಎಣ್ಣೆ ಎರೆದರೆ ಏಳುತ್ತದೆ. ವೇಷ ಸುಮ್ಮನೆ ನಿಂತಿದ್ದರೂ ಅದರ ಮೇಲಿನ ಕನ್ನಡಿ ಚೂರುಗಳು ಓಡಾಡುತ್ತವೆ. ಕೆಂಪು, ಹಳದಿ, ಕಪ್ಪಿನ ಚೌಕಳಿ ಬಟ್ಟೆ ಆ ಹಳದಿ ಬೆಳಕಿನಲ್ಲಿ ಬೇರೆಯೇ ಗಟ್ಟಿತನ ಪಡೆಯುತ್ತದೆ. ರಾಕ್ಷಸ ಬರುವುದು ಹಿಂದಿನಿಂದ, ಜನರ ನಡುವಿನ ದಾರಿಯಲ್ಲಿ ಆರ್ಭಟ ಹಾಕುತ್ತ. ಇಕ್ಕೆಲದಲ್ಲಿ ದೊಂದಿ ಹಿಡಿದವರು, ದೊಂದಿಗೆ ರಾಳದ ಪುಡಿ ಎರಚಿದ ಕೂಡಲೇ ಭುಗ್ಗೆಂದು ಏಳುವ ಉರಿ. ಅಲ್ಲಿಯತನಕ ಅವ್ವನ ಮಡಿಲಲ್ಲಿ ಮಲಗಿದ್ದ ಮಕ್ಕಳು ಎದ್ದು ಕಿರುಚಿಕೊಳ್ಳುತ್ತಿದ್ದುದು ಆ ಹೊತ್ತಿಗೇ. ಜಪಾನಿನ ಕಬುಕಿಯಲ್ಲಿ ನಟ ಬರಲೆಂದೇ ಪ್ರೇಕ್ಷಕರ ನಡುವೆ ಮರದ ಹಾದಿಯನ್ನು ಕಟ್ಟಿಟ್ಟಿದ್ದಾರೆ. ನಮ್ಮಲ್ಲಿ ಜನ ಕಾಲು ಮಡಚಿಕೊಂಡರೆ ಅದೇ ಹಾದಿ.

ಇನ್ನು ತೆರೆ. ಇಬ್ಬರು ಎರಡು ತುದಿ ಹಿಡಿದು ನಿಲ್ಲುವ ಒಂದು ತುಂಡು ಬಟ್ಟೆ. ಒಡ್ಡೋಲಗದ ವೇಷ ಅದರ ಹಿಂದೆ ಕುಣಿಯುವಾಗ ಕೆಳಗೆ ಗೆಜ್ಜೆ ಕಟ್ಟಿದ ಪಾದ, ಮೇಲೆ ಕಿರೀಟದ ತುದಿ, ಅಷ್ಟೇ ಕಾಣುವುದು. ನಡುವಿನ ಮೈಯನ್ನು ನೋಡುವವನೇ ತುಂಬಿಕೊಳ್ಳಬೇಕು. ತೆರೆ ಅಲುಗುತ್ತದೆ, ಒಂದು ಕೈ ಅದನ್ನು ಹಿಡಿದು ಜಗ್ಗುತ್ತದೆ, ಅರ್ಧ ಮುಖ ತೋರಿಸಿ ಮತ್ತೆ ಮುಚ್ಚುತ್ತದೆ. ಪೂರ್ತಿ ಕಾಣುವ ಹೊತ್ತಿಗೆ ಆ ಪಾತ್ರ ಎಷ್ಟು ದೊಡ್ಡದು ಎಂದು ನಾವೇ ತೀರ್ಮಾನ ಮಾಡಿಕೊಂಡು ಆಗಿರುತ್ತದೆ. ಜರ್ಮನಿಯ ಬ್ರೆಕ್ಟ್ ತನ್ನ ನಾಟಕಗಳಿಗೆ ಆಳೆತ್ತರದ ಅರ್ಧ ಪರದೆ ಕಟ್ಟಿಸಿದ, ಹಿಂದೆ ನಡೆಯುವ ಕೆಲಸ ಜನಕ್ಕೆ ಗೊತ್ತಾಗಲಿ ಅಂತ. ಮಾಯೆಯನ್ನು ಒಡೆಯುವುದು ಅವನ ಉದ್ದೇಶ. ನಮ್ಮ ತೆರೆ ಅದೇ ಅರ್ಧ ಬಟ್ಟೆಯಿಂದ ಮಾಯೆ ಹೆಚ್ಚಿಸುತ್ತದೆ. ಒಂದೇ ಸಾಮಾನು ಎರಡು ಕಡೆ ಎರಡು ಕೆಲಸ ಮಾಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ತೆರೆ ಇಲ್ಲಿಂದ ದೇಶಾಂತರ ಹೋಗಿ ಬಣ್ಣ ಬಳಿಸಿಕೊಂಡು ವಾಪಸ್ಸು ಬಂದ ಕಥೆ ಸ್ವಾರಸ್ಯದ್ದು. ಉತ್ತರ ಕನ್ನಡದ ಒಂದು ಭಾಗವತ ಮೇಳ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಸಾಂಗಲಿಗೆ ಹೋಗಿ ಸಂಸ್ಥಾನದ ದೊರೆಯ ಮುಂದೆ ಆಟ ಆಡಿತು. ಅದನ್ನು ಕಂಡ ದೊರೆ, ಇಂಥದ್ದೊಂದು ಮರಾಠಿಯಲ್ಲೂ ಆಗಲಿ ಎಂದ. ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದ, ಮರಾಠಿ ರಂಗಭೂಮಿ ಅಲ್ಲಿಂದ ಲೆಕ್ಕ. ಅತ್ತ ಮುಂಬಯಿಯಲ್ಲಿ ಪಾರ್ಸಿ ಕಂಪನಿಗಳು ಇಂಗ್ಲಿಷರ ನಾಟಕ ನೋಡಿ ಚೌಕಟ್ಟಿನ ರಂಗ, ಚಿತ್ರ ಬರೆದ ಪರದೆ, ಟ್ರಿಕ್ ಸೀನು ಕಲಿತವು. ಮರಾಠಿ ಮತ್ತು ಪಾರ್ಸಿ ನಾಟಕಗಳು ಧಾರವಾಡ, ಗದಗ, ಮೈಸೂರುಗಳಲ್ಲಿ ಭರ್ಜರಿ ಹಣ ಎತ್ತತೊಡಗಿದಾಗ ಕನ್ನಡದವರು ಎಚ್ಚೆತ್ತರು. ಗದಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ ಮಂಡಳಿ ಕಟ್ಟಿದರು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಇಬ್ಬರು ಕೈಯಲ್ಲಿ ಹಿಡಿದಿದ್ದ ಬಟ್ಟೆ ಈಗ ಕೋಲಿಗೆ ಸುತ್ತಿಕೊಂಡು, ಹಗ್ಗ ಎಳೆದರೆ ಮೇಲೇಳುವ ದರ್ಬಾರ್ ಸೀನಾಗಿತ್ತು.

ಕಂಪನಿ ನಾಟಕದ ಪರದೆಯನ್ನು ನೋಡಿ ನಗುವುದು ಸುಲಭ. ಕಾಡಿನ ಸೀನಿನ ಅದೇ ಜಲಪಾತ, ಅದೇ ಎರಡು ಜಿಂಕೆ, ಅರಮನೆಯ ಅದೇ ಕಮಾನುಗಳು. ಆದರೆ ಪರದೆ ಬರೀ ಹಿನ್ನೆಲೆಯಾಗಿ ಉಳಿಯಲಿಲ್ಲ, ನಾಟಕ ಬರೆಯುವ ಕ್ರಮವನ್ನೇ ಅದು ಬದಲಿಸಿತು. ದರ್ಬಾರಿಗೆ ಸಿಂಹಾಸನ, ಮೆಟ್ಟಿಲು, ದೀಪ ಎಲ್ಲ ಜೋಡಿಸಲು ಸಮಯ ಬೇಕು. ಅಷ್ಟು ಹೊತ್ತು ಜನರನ್ನು ಕೂರಿಸುವುದು ಹೇಗೆ? ಮುಂದೆ ರಸ್ತೆಯ ಪರದೆ ಬಿಟ್ಟು, ಅದರ ಎದುರಿನ ನಾಲ್ಕಾರು ಅಡಿ ಜಾಗದಲ್ಲಿ ಹಾಸ್ಯದ ಜೋಡಿಯನ್ನು ಬಿಟ್ಟರು. ಹಿಂದೆ ಮೊಳೆ ಹೊಡೆಯುವ ಸದ್ದು ಕೇಳದ ಹಾಗೆ ಹಾರ್ಮೋನಿಯಂ, ತಬಲ. ಒಂದು ಆಳದ ದೃಶ್ಯ, ಒಂದು ರಸ್ತೆ ದೃಶ್ಯ, ಮತ್ತೊಂದು ಆಳದ ದೃಶ್ಯ. ಈಗಲೂ ನಮ್ಮ ಕಡೆಯ ಊರ ನಾಟಕಗಳಲ್ಲಿ ಕಥೆಗೆ ಸಂಬಂಧವೇ ಇಲ್ಲದ ಹಾಸ್ಯದವನೊಬ್ಬ ಗಳಿಗೆಗೊಮ್ಮೆ ಬಂದು ಹೋಗುವುದುಂಟು. ಅವನು ಬಂದದ್ದು ಕವಿಯ ತಲೆಯಿಂದಲ್ಲ, ಪರದೆ ಎಳೆಯುವವನ ಅನುಕೂಲದಿಂದ.

ಸಂಭ್ರಮವೂ ಕಡಿಮೆಯದಾಗಿರಲಿಲ್ಲ. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳೇ ರಂಗದ ಮೇಲೆ ಬಂದವು. ರಥವೆಂದು ಮರದ ಪೀಠ ತೋರಿಸಿದರೆ ಒಪ್ಪಿಕೊಳ್ಳುತ್ತಿದ್ದ ಅದೇ ಜನ ಆನೆಗೂ ಚಪ್ಪಾಳೆ ಹೊಡೆದರು. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ, ಮೂರು ವರ್ಷಕ್ಕೊಮ್ಮೆ ಸಾಗರದಲ್ಲಿ ನಡೆಯುವ ಮಾರಿಕಾಂಬಾ ಜಾತ್ರೆಗೆ ಕಂಪನಿಗಳು ಬಂದು ತಗಡಿನ ಥಿಯೇಟರು ಹಾಕಿದರೆ ಸೊರಬದ ಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಯಕ್ಷಗಾನದವರೂ ಸುಮ್ಮನಿರಲಿಲ್ಲ. ಕಳೆದ ಶತಮಾನದ ನಡುವಿನಲ್ಲಿ ಡೇರೆ ಮೇಳಗಳು ಬಂದು ಟಿಕೇಟು, ಕುರ್ಚಿ, ಝಗಮಗಿಸುವ ದೀಪ ತಂದವು. ಮೂರು ಕಡೆ ಕೂತಿದ್ದ ಜನ ಒಂದೇ ಕಡೆ ಬಂದರು.

ಪಕ್ಕದ ಜೋಗದಲ್ಲಿ 1948ರಿಂದಲೇ ವಿದ್ಯುತ್ ತಯಾರಾಗುತ್ತಿದ್ದರೂ ಇಲ್ಲಿನ ಎಷ್ಟೋ ಹಳ್ಳಿಗಳ ಆಟ ಬಹಳ ಕಾಲ ಗ್ಯಾಸ್‌ಲೈಟಿನಲ್ಲೇ ನಡೆಯಿತು. ಗ್ಯಾಸ್‌ಲೈಟು ದೊಂದಿಯ ಹಾಗೆ ಕುಣಿಯದು, ಸುಂಯ್ ಅಂತ ಬೆಳ್ಳಗೆ ಉರಿಯುತ್ತದೆ. ಆಮೇಲೆ ಬಂದ ಟ್ಯೂಬ್‌ಲೈಟು ಇನ್ನೂ ನಿರ್ದಯಿ. ಮೂಲೆ ಮೂಲೆಯನ್ನೂ ಒಂದೇ ಸಮ ತೋರಿಸಿ, ಬಣ್ಣದ ವೇಷದ ಮುಖವನ್ನು ಸುಣ್ಣ ಬಳಿದ ಗೋಡೆ ಮಾಡಿತು. ನನ್ನನ್ನು ಕೇಳಿದರೆ ಯಕ್ಷಗಾನಕ್ಕೆ ಸಿನಿಮಾಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಟ್ಯೂಬ್‌ಲೈಟು.

ಮೈಕಿನದು ಇನ್ನೊಂದು ಬಗೆ. ಊರ ನಾಟಕಗಳಲ್ಲಿ ರಂಗದ ಮುಂಭಾಗಕ್ಕೆ ಮೇಲಿನಿಂದ ಎರಡೋ ಮೂರೋ ಮೈಕು ಇಳಿಬಿಟ್ಟಿರುತ್ತಾರೆ. ನಾಯಕ ಎಷ್ಟೇ ಸಿಟ್ಟಿನಿಂದ ಬರಲಿ, ಮೈಕಿನ ಕೆಳಗೆ ಬಂದು ನಿಂತ ಮೇಲೇ ಮಾತು. ಖಳನಾಯಕ ಪಕ್ಕದ ಮೈಕಿಗೆ. ಸಾಯುವವನೂ ನೆಲಕ್ಕೆ ಬೀಳುವ ಮೊದಲು ಮೈಕಿಗೆ ಮುಖ ಎತ್ತಿ ಕೊನೆಯ ಮಾತು ಮುಗಿಸುತ್ತಾನೆ. ರಂಗದ ಹಿಂಭಾಗ, ಅಷ್ಟು ದುಡ್ಡು ಕೊಟ್ಟು ತಂದ ಸೀನಿನ ಮುಂದಿನ ಜಾಗ, ಖಾಲಿ ಬಿದ್ದಿರುತ್ತದೆ. ನಿರ್ದೇಶಕನಿಗಿಂತ ಮೈಕ್‌ಸೆಟ್ಟಿನವನೇ ನಟರನ್ನು ನಿಲ್ಲಿಸುವುದು.

ಹೆಗ್ಗೋಡಿನ ಕಡೆಯಿಂದ ಬಂದದ್ದು ಇದಕ್ಕೆಲ್ಲ ಬೇರೆ ಉತ್ತರ. ಅಲ್ಲಿ 1949ರಲ್ಲಿ ಶುರುವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ನೀನಾಸಮ್ ಆಗಿ ಬೆಳೆಯಿತು. 1972ರಲ್ಲಿ ಹಳ್ಳಿಯ ನಡುವೆ ಶಿವರಾಮ ಕಾರಂತ ರಂಗಮಂದಿರ ಎದ್ದಿತು, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’. ಪ್ರತಿ ಸಂಜೆ ಹೊಸ ಊರಿನಲ್ಲಿ ಹೊಸ ರಂಗ ಕಟ್ಟಿ, ರಾತ್ರಿಯೇ ಬಿಚ್ಚಿ, ಗಾಡಿಗೆ ತುಂಬಬೇಕಾದ ತಂಡಕ್ಕೆ ಅರಮನೆಯ ಪರದೆ ಹೊತ್ತು ತಿರುಗಲಾಗದು. ಹಾಗಾಗಿ ಮರದ ಕೆಲವು ಹಂತಗಳು, ಬಿದಿರು, ಬಟ್ಟೆ, ಬೆಳಕು. ಒಂದು ದೃಶ್ಯದಲ್ಲಿ ಸಿಂಹಾಸನವಾದ ಪೆಟ್ಟಿಗೆ ಇನ್ನೊಂದರಲ್ಲಿ ಬಂಡೆ. ನೋಡಿ, ಯಕ್ಷಗಾನದ ರಥ ಎಲ್ಲಿ ಸುತ್ತಿ ಎಲ್ಲಿಗೆ ಬಂತು!

ಹೊಸದಾಗಿ ಸೇರಿದ್ದು ಡಿಮ್ಮರು. ಗುಂಡಿ ತಿರುಗಿಸಿದರೆ ಬೆಳಕು ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಪರದೆ ಬೀಳಬೇಕಾದ ಕಡೆ ಕತ್ತಲೆ ಬಿದ್ದರೆ ಸಾಕು, ದೃಶ್ಯ ಬದಲು. ರಸ್ತೆ ಸೀನಿನ ಹಾಸ್ಯದವನ ಕೆಲಸ ಅಲ್ಲಿಗೆ ಮುಗಿಯಿತು. ಜೊತೆಗೆ ನೋಡುವವರೂ ಕತ್ತಲಿಗೆ ಸರಿದರು. ಯುರೋಪಿನಲ್ಲೂ ಇದು ಬಹಳ ಹಳೆಯ ಪದ್ಧತಿಯಲ್ಲ. ವಾಗ್ನರ್ 1876ರಲ್ಲಿ ಬೈರಾಯ್ಟ್‌ನ ತನ್ನ ರಂಗಮಂದಿರದಲ್ಲಿ ಪ್ರೇಕ್ಷಕರ ಕಡೆಯ ದೀಪ ತಗ್ಗಿಸಿದ್ದೇ ದೊಡ್ಡ ಸುದ್ದಿಯಾಗಿತ್ತು. ಬಯಲಾಟದಲ್ಲಿ ಪಕ್ಕದವನ ಮುಖ ಕಾಣುತ್ತಿತ್ತು, ಶೇಂಗಾ ಬಿಡಿಸುವುದು ಕಾಣುತ್ತಿತ್ತು, ಯಾರು ತೂಕಡಿಸಿದರು ಅನ್ನುವುದೂ ಭಾಗವತರಿಗೆ ಗೊತ್ತಾಗುತ್ತಿತ್ತು. ಈಗ ಪ್ರತಿಯೊಬ್ಬನೂ ಒಬ್ಬನೇ ಕೂತು ನೋಡುತ್ತಾನೆ. ಮಾತು ಸೂಕ್ಷ್ಮವಾಯಿತು, ಮೌನಕ್ಕೆ ಜಾಗ ಸಿಕ್ಕಿತು ಎಂಬುದು ನಿಜ. ಕಳೆದುಕೊಂಡದ್ದೂ ಇದೆ.

ಆಧುನಿಕರು ಕಂಪನಿಯ ಪರದೆಯನ್ನು ಕೀಳಾಗಿ ಕಂಡ ಕಾಲವೊಂದಿತ್ತು. ಆದರೆ ಕನ್ನಡದ ಹೊಸ ರಂಗಭೂಮಿಗೆ ಬಣ್ಣ, ಹಾಡು, ಗದ್ದಲವನ್ನು ಮರಳಿ ತಂದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿ ಸೇರಿದ್ದು ಗುಬ್ಬಿ ಕಂಪನಿಯನ್ನೇ. ಅವರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣ, 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಾತ್ರಿಯಿಡೀ ಆಡಿತು. ರಂಗ ಒಂದಲ್ಲ, ಹಲವು. ಜನ ಚಾಪೆ, ಶಾಲು ಎತ್ತಿಕೊಂಡು ಒಂದು ರಂಗದಿಂದ ಇನ್ನೊಂದಕ್ಕೆ ನಡೆದರು. ನಮ್ಮ ಜಿಲ್ಲೆಯ ಕಾಡು, ಕಾದಂಬರಿಯ ಗುತ್ತಿ, ಐತ, ಪೀಂಚಲು ಎಲ್ಲ ಮೈಸೂರಿನ ಮರಗಳ ಕೆಳಗೆ ಎದ್ದು ನಿಂತವು. ಬೆಳಗಿನತನಕ ಎಚ್ಚರವಿದ್ದು ನೋಡುವ ಅಭ್ಯಾಸ ಊರುಗಳಲ್ಲಿ ಸವೆಯುತ್ತಿದ್ದಾಗ ಪೇಟೆಯವರು ಟಿಕೇಟು ಕೊಂಡು ಅದನ್ನು ಕಲಿತರು.

ಈಚೆಗೆ ಸೀನರಿಯವರೂ ಬದಲಾಗುತ್ತಿದ್ದಾರೆ. ಕೈಯಲ್ಲಿ ಬರೆದ ಬಟ್ಟೆಯ ಪರದೆಯ ಬದಲು ಕಂಪ್ಯೂಟರಿನಲ್ಲಿ ಮಾಡಿದ ಫ್ಲೆಕ್ಸು. ಅರಮನೆ ಈಗ ನಿಜವಾಗಿಯೂ ಫೋಟೊ. ಬಟ್ಟೆ ಬೆಳಕನ್ನು ಹೀರುತ್ತಿತ್ತು, ಫ್ಲೆಕ್ಸು ಅದನ್ನು ನೋಡುವವರ ಕಣ್ಣಿಗೆ ವಾಪಸ್ಸು ಎಸೆಯುತ್ತದೆ. ಎದುರಿನಿಂದ ಲೈಟು ಬಿಟ್ಟರೆ ನಾಯಕಿಯ ತಲೆಯ ಹಿಂದೆ ಬಿಳಿಯ ಕಲೆಯೊಂದು ಹೊಳೆಯುತ್ತಲೇ ಇರುತ್ತದೆ. ಬಣ್ಣ ಬದಲಿಸುವ ಎಲ್‌ಇಡಿ ಸೇರಿಸಿದರೆ ದುಃಖದ ದೃಶ್ಯವೂ ಮದುವೆ ಆರತಕ್ಷತೆಯ ಹಾಗೆ ಕಾಣುತ್ತದೆ.

ಮದುವೆಯ ಮಾತು ಸುಮ್ಮನೆ ಬಂದದ್ದಲ್ಲ. ಪೇಟೆಗೆ ಬರುವ ತಂಡಗಳಿಗೆ ಎಷ್ಟೋ ಸಲ ಸಿಗುವುದು ಕಲ್ಯಾಣ ಮಂಟಪ ಅಥವಾ ಸಮುದಾಯ ಭವನ. ಗಂಡು–ಹೆಣ್ಣು ಕೂತು ಫೋಟೊ ತೆಗೆಸಿಕೊಳ್ಳಲೆಂದು ಕಟ್ಟಿದ ವೇದಿಕೆಗೆ ಆಳವಿಲ್ಲ, ಪಕ್ಕದಲ್ಲಿ ನಟ ಕಾದು ನಿಲ್ಲಲು ಜಾಗವಿಲ್ಲ, ಮೇಲೆ ಲೈಟು ಕಟ್ಟಲು ಕಬ್ಬಿಣದ ಪೈಪಿಲ್ಲ. ನುಣುಪು ಟೈಲ್ಸಿನ ನೆಲಕ್ಕೆ ಬರಿಗಾಲು ಜಾರುತ್ತದೆ, ಗೋಡೆಗೆ ಬಡಿದ ಮಾತು ಎರಡು ಸಲ ಕೇಳುತ್ತದೆ. ಇಂಥವನ್ನು ಕಟ್ಟುವಾಗ ನಾಟಕದವರನ್ನು ಒಂದು ಮಾತು ಕೇಳುವವರು ಕಡಿಮೆ. ಕೇಳಿದರೆ ಅವರ ಪಟ್ಟಿ ಉದ್ದವೇನಲ್ಲ: ಸ್ಟೇಜು ಎಷ್ಟಡಿ ಆಳ, ತ್ರೀ ಫೇಸ್ ಲೈನು ಇದೆಯಾ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಬಹುದಾ, ಬಣ್ಣ ತೊಳೆಯಲು ಹಿಂದುಗಡೆ ನೀರು ಬರುತ್ತದಾ.