ಸರ್ವರ್‌ಗೆ ಒಂದೇ ಕೆಲಸದ ಕೀ: ಡಿಪ್ಲಾಯ್‌ಮೆಂಟ್ ಆಟೋಮೇಟ್ ಮಾಡೋ ಮೊದಲು ಇದನ್ನ ಕೇಳ್ರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ನಾನೇ ಮಾಡಿಕೊಂಡ ಒಂದು ಎಡವಟ್ಟಿನಿಂದ ಶುರು.

ಒಂದು ಸೋಮವಾರ ಸಂಜೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಆವತ್ತಿನ ದರದ ಬಗ್ಗೆ ಮಾಡಿದ ಸಂಚಿಕೆಯನ್ನ ನನ್ನ ವೆಬ್‌ಸೈಟಿಗೆ ಹಾಕಬೇಕಿತ್ತು. ರಾಣೆಬೆನ್ನೂರಿನಿಂದ ಹಾವೇರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಫೋನಿನಲ್ಲೇ ಟರ್ಮಿನಲ್ ಆ್ಯಪ್ ತೆಗೆದು ಸರ್ವರ್‌ಗೆ ಲಾಗಿನ್ ಆದೆ. ಹಳೇ ಫೈಲ್ ಅಳಿಸಿದೆ. ಹೊಸದನ್ನ ತರೋ ಕಮಾಂಡ್ ಟೈಪ್ ಮಾಡ್ತಿದ್ದೆ, ಮೋಟೆಬೆನ್ನೂರು ಹತ್ರ ನೆಟ್‌ವರ್ಕ್ ಹೋಯ್ತು! ಹಾವೇರಿ ಬಸ್ ಸ್ಟ್ಯಾಂಡ್ ಮುಟ್ಟೋವರೆಗೂ ಸೈಟ್ ಖಾಲಿ. "ಅಣ್ಣಾ, ಓಪನ್ ಆಗ್ತಿಲ್ಲ" ಅಂತ ವಾಟ್ಸ್ಆ್ಯಪ್ ತುಂಬಾ ಮೆಸೇಜು.

ತಪ್ಪು ನೆಟ್‌ವರ್ಕಿನದಲ್ಲ, ನನ್ನದು. ಯಾವುದಾದ ಮೇಲೆ ಯಾವುದು ಅನ್ನೋದು ನನ್ನ ತಲೆಯಲ್ಲಷ್ಟೇ ಇತ್ತು. ನಾನು ಕಟ್ ಆದರೆ ಕೆಲಸವೂ ಕಟ್.

ಎಂಟರಲ್ಲಿ ಒಂದು ಸರ್ವರ್ ಬಿಟ್ಟುಹೋದಾಗ

ಇದು ಸಣ್ಣವರಿಗಷ್ಟೇ ಆಗೋದಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನೋ ಷೇರು ವಹಿವಾಟು ಕಂಪನಿಗೆ ಇದೇ ಗತಿ ಬಂತು. ಹೊಸ ಸಾಫ್ಟ್‌ವೇರನ್ನ 8 ಸರ್ವರ್‌ಗಳಿಗೆ ಕೈಯಾರೆ ಹಾಕುವಾಗ ಒಂದು ಸರ್ವರ್ ಬಿಟ್ಟುಹೋಗಿತ್ತು. ಅದರಲ್ಲಿ ಮಲಗಿದ್ದ ಹಳೇ ಕೋಡ್ ಎದ್ದು ತಪ್ಪು ಆರ್ಡರ್‌ಗಳನ್ನ ಕಳಿಸ್ತಾ ಹೋಯ್ತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು. ಬೇರೆಯವರು ಒಮ್ಮೆ ಪರಿಶೀಲಿಸಬೇಕು ಅನ್ನೋ ಪದ್ಧತಿಯೇ ಅಲ್ಲಿರಲಿಲ್ಲ.

ಹಾಗಾದರೆ ಪರಿಹಾರ? ಹಂತಗಳನ್ನೆಲ್ಲ ಒಂದು ಸ್ಕ್ರಿಪ್ಟಿನಲ್ಲಿ ಬರೆದು ಕೆಲಸವನ್ನ ಯಂತ್ರಕ್ಕೆ ಕೊಡೋದು. ಗಿಟ್‌ಹಬ್‌ಗೆ ನಾನು ಹೊಸ ಕೋಡ್ ಹಾಕಿದ ಕೂಡಲೇ ಅಲ್ಲಿನ ಆಟೋಮೇಷನ್ ನನ್ನ ಸರ್ವರ್‌ಗೆ ಲಾಗಿನ್ ಆಗಿ ಸೈಟ್ ಬದಲಿಸ್ತದೆ. ಆದರೆ ಲಾಗಿನ್ ಆಗಲು ಅದಕ್ಕೂ ಒಂದು ಎಸ್ಎಸ್ಎಚ್ ಕೀ ಬೇಕು. ಬಹಳ ಮಂದಿ ಎಡವೋದು ಇಲ್ಲೇ. ತಮ್ಮ ಸ್ವಂತ ಕೀಯನ್ನೇ ಎತ್ತಿ ಕೊಟ್ಟುಬಿಡ್ತಾರೆ.

ಖಾಲಿ ಚೆಕ್ಕಿಗೆ ಸಹಿ ಹಾಕಬೇಡ್ರಿ

ನಾನು ಬಿ.ಕಾಂ. ಓದಿದವನು, ನನ್ನ ಭಾಷೆಯಲ್ಲಿ ಹೇಳ್ತೀನಿ. ನಿಮ್ಮ ಪೂರ್ತಿ ಕೀ ಅಂದರೆ ಸಹಿ ಹಾಕಿದ ಖಾಲಿ ಚೆಕ್. ಯಾರ ಕೈಗೆ ಸಿಕ್ಕರೂ ಏನು ಬೇಕಾದರೂ ಬರ್ಕೋಬಹುದು. 2025ರ ಮಾರ್ಚ್‌ನಲ್ಲಿ ಗಿಟ್‌ಹಬ್ ಆಟೋಮೇಷನ್‌ಗಳು ಬಳಸೋ ಒಂದು ಜನಪ್ರಿಯ ತುಣುಕಿನೊಳಗೆ ಯಾರೋ ಕೆಟ್ಟ ಕೋಡ್ ಸೇರಿಸಿದರು. 23,000ಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳು ಅದನ್ನ ಬಳಸ್ತಿದ್ದವು. ಗುಟ್ಟಾಗಿಟ್ಟ ಕೀ, ಪಾಸ್‌ವರ್ಡ್‌ಗಳನ್ನ ಅದು ಲಾಗ್‌ನಲ್ಲಿ ಬರೆಯೋ ಹಾಗೆ ಮಾಡಿದ್ದರು. ಪ್ರಾಜೆಕ್ಟ್ ಎಲ್ಲರಿಗೂ ತೆರೆದಿದ್ದರೆ ಆ ಲಾಗನ್ನ ಯಾರು ಬೇಕಾದರೂ ಓದಬಹುದು.

ನಮಗೆ ಬೇಕಿರೋದು ಹೆಸರು, ಮೊತ್ತ ಎರಡೂ ಬರೆದ ಅಕೌಂಟ್ ಪೇಯಿ ಚೆಕ್. ಎಸ್ಎಸ್ಎಚ್‌ನಲ್ಲಿ ಅದಕ್ಕೆ ದಾರಿ ಇದೆ. ಯಾವ ಕೀ ಒಳಗೆ ಬರಬಹುದು ಅನ್ನೋ ಪಟ್ಟಿ ಸರ್ವರ್‌ನಲ್ಲಿ 'ಆಥರೈಸ್ಡ್ ಕೀಸ್' ಅನ್ನೋ ಫೈಲಿನಲ್ಲಿರ್ತದೆ. ಆ ಸಾಲಿನ ಮುಂದೆ 'ಕಮಾಂಡ್' ಅಂತ ಬರೆದು ನಿಮ್ಮ ಡಿಪ್ಲಾಯ್ ಸ್ಕ್ರಿಪ್ಟಿನ ವಿಳಾಸ ಕೊಡ್ರಿ. ಆಮೇಲೆ ಆ ಕೀ ಹಿಡಿದು ಬಂದವರು ಏನೇ ಕೇಳಲಿ, ಓಡೋದು ಆ ಸ್ಕ್ರಿಪ್ಟ್ ಒಂದೇ. ಜೊತೆಗೆ 'ರಿಸ್ಟ್ರಿಕ್ಟ್' ಅನ್ನೋ ಪದ ಸೇರಿಸ್ರಿ. 2016ರ ಓಪನ್ಎಸ್ಎಸ್ಎಚ್ 7.2ರಿಂದ ಇದು ಸಿಗ್ತದೆ. ಟೈಪ್ ಮಾಡೋಕೆ ಟರ್ಮಿನಲ್ ಸಿಗಲ್ಲ, ನಿಮ್ಮ ಸರ್ವರ್ ಮೂಲಕ ಬೇರೆ ಕಡೆ ಹಾಯೋಕೂ ಆಗಲ್ಲ.

ಇದು ಹೊಸದೇನಲ್ಲ. ಗಿಟ್‌ಹಬ್‌ಗೆ ಎಸ್ಎಸ್ಎಚ್‌ನಿಂದ ಸುಮ್ಮನೆ ಲಾಗಿನ್ ಆಗಿ ನೋಡ್ರಿ. ನಿಮ್ಮ ಹೆಸರು ಹಿಡಿದು ನಮಸ್ಕಾರ ಹೇಳ್ತದೆ, ಶೆಲ್ ಕೊಡಲ್ಲ ಅಂತ ಹೊರಗೆ ಕಳಿಸ್ತದೆ. ಗಿಟ್ ಕೆಲಸಕ್ಕಷ್ಟೇ ಬಾಗಿಲು.

ಮಾಡುವಾಗ ನೆನಪಿರಲಿ

ಡಿಪ್ಲಾಯ್‌ಗೆ ಅಂತಲೇ ಬೇರೆ ಯೂಸರ್, ಬೇರೆ ಕೀ ಮಾಡ್ರಿ. ರೂಟ್ ಬೇಡ. ಸ್ಕ್ರಿಪ್ಟನ್ನಾಗಲಿ ಆ ಕೀ ಪಟ್ಟಿಯನ್ನಾಗಲಿ ಆ ಯೂಸರ್ ತಿದ್ದೋ ಹಾಗಿರಬಾರದು, ತಿದ್ದೋಕೆ ಬಂದರೆ ಬೀಗ ಹಾಕಿಯೂ ಪ್ರಯೋಜನವಿಲ್ಲ. ಈ ಕೀಯಿಂದ ಫೈಲ್ ಕಳಿಸೋಕೆ ಆಗಲ್ಲ, ಹಾಗಾಗಿ ಹೊಸ ಕೋಡನ್ನ ಸ್ಕ್ರಿಪ್ಟೇ ಗಿಟ್‌ಹಬ್‌ನಿಂದ ಎಳ್ಕೊಳ್ಳಲಿ.

ಇನ್ನೊಂದು, ಹಳೇದನ್ನ ಮೊದಲು ಅಳಿಸಬೇಡ್ರಿ. ಹೊಸದನ್ನ ಬೇರೆ ಫೋಲ್ಡರಿಗೆ ತಂದು, ಎಲ್ಲ ಸರಿ ಇದ್ದರೆ ಮಾತ್ರ ಕೊನೆಗೆ ಲಿಂಕ್ ಬದಲಿಸ್ರಿ. ನಡುವೆ ಕೆಲಸ ನಿಂತರೂ ಹಳೇ ಸೈಟ್ ನಡೀತಿರ್ತದೆ. ನಾನು ಬಸ್ಸಿನಲ್ಲಿ ಮಾಡಿದ್ದು ಇದರ ಉಲ್ಟಾ.

ಕೆಲವು ಕಡೆ ಸರ್ವರ್ ಒಂದು ಮೆನು ತೋರಿಸಿ "1 ಒತ್ತಿ, 2 ಒತ್ತಿ" ಅಂತ ಕೇಳ್ತದೆ, ಬೇರೆ ದಾರಿ ಇರಲ್ಲ. ಅಂಥಲ್ಲಿ 'ಎಕ್ಸ್‌ಪೆಕ್ಟ್' ಅನ್ನೋ ಹಳೇ ಟೂಲ್ ಬರ್ತದೆ. ಡಾನ್ ಲೈಬ್ಸ್ ಅನ್ನೋರು 1990ರ ಸುಮಾರಿಗೆ ಮಾಡಿದ್ದು. ಇಂಥ ಪ್ರಶ್ನೆ ಬಂದರೆ ಇಂಥ ಉತ್ತರ ಕೊಡು ಅಂತ ಬರೆದಿಟ್ಟರೆ ಮನುಷ್ಯನ ಹಾಗೇ ಟೈಪ್ ಮಾಡ್ತದೆ. ಆದರೆ ಮೆನುವಿನ ಒಂದು ಪದ ಬದಲಾದರೂ ದಾರಿ ತಪ್ತದೆ. ಕಾಯ್ದ ಪ್ರಶ್ನೆ ಬರದಿದ್ದರೆ ಅಲ್ಲೇ ನಿಲ್ಲಬೇಕು ಅಂತ ಬರೀರಿ. ಪಾಸ್‌ವರ್ಡನ್ನ ಸ್ಕ್ರಿಪ್ಟಿನೊಳಗೆ ಬರೀಬೇಡ್ರಿ.

ಎಲ್ಲ ಆದ ಮೇಲೆ ಕಳ್ಳನ ಪಾತ್ರ ನೀವೇ ಹಾಕ್ರಿ. ಅದೇ ಕೀ ಹಿಡಿದು ಲ್ಯಾಪ್‌ಟಾಪಿನಿಂದ ಲಾಗಿನ್ ಆಗಿ, ಫೈಲ್ ಪಟ್ಟಿ ಕೇಳಿ ನೋಡ್ರಿ. ಪಟ್ಟಿ ಬಂದರೆ ಬೀಗ ಬಿದ್ದಿಲ್ಲ. ಡಿಪ್ಲಾಯ್ ಮಾತ್ರ ನಡೆದರೆ ಸರಿಯಾಗಿದೆ.

ಈಗ ನಾನು ಬಸ್ಸಿನಲ್ಲಿ ಕಮಾಂಡ್ ಟೈಪ್ ಮಾಡಲ್ಲ. ಕೋಡ್ ಕಳಿಸಿ ಕಿಟಕಿ ಕಡೆ ನೋಡ್ತಾ ಕೂಡ್ತೀನಿ. ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸ್ರಿ, ಕೀ ಮಾತ್ರ ಕಳಿಸಬೇಡ್ರಿ. ಮುಂದಿನ ವಾರ ಸಿಗೋಣ.