ಫಲಿತಾಂಶದ ಮರುದಿನ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದ ದಿನ ಚಿಂತಾಮಣಿಯ ಬೀದಿಗಳಲ್ಲಿ ನಡೆಯುವ ಸಂಭಾಷಣೆಗಳಿಗೆ ಕಿವಿಗೊಟ್ಟವರಿಗೆ ಒಂದು ಸಂಗತಿಯು ಗೋಚರವಾಗದೆ ಇರದು. ‘ಎಷ್ಟು ಬಂತು?’ ಎಂದು ಕೇಳುವವರು ನೂರು ಮಂದಿ. ‘ಮುಂದೆ ಏನು ಮಾಡಬೇಕೆಂದಿದ್ದೀಯೆ?’ ಎಂದು ಆ ಹುಡುಗನನ್ನೇ ಕೇಳುವವರು ಅತಿ ವಿರಳ. ಬೆಳಿಗ್ಗೆ ಅಂಕಗಳು ತಿಳಿದರೆ ಸಾಯಂಕಾಲದೊಳಗಾಗಿ ತಂದೆ, ಸೋದರಮಾವ, ನೆರೆಮನೆಯ ಗುಮಾಸ್ತರು ಕೂಡಿ ತೀರ್ಪನ್ನು ಕೊಟ್ಟಾಗಿರುತ್ತದೆ. 625ರಲ್ಲಿ 550 ದಾಟಿದರೆ ವಿಜ್ಞಾನ, 400ರ ಆಸುಪಾಸಾದರೆ ವಾಣಿಜ್ಯ, ಅದಕ್ಕಿಂತ ಕೆಳಗಾದರೆ ಕಲಾವಿಭಾಗ, ಅನುತ್ತೀರ್ಣನಾದರೆ ಟೊಮೇಟೊ ಮಂಡಿ! ಒಂದು ಜೊತೆ ಎತ್ತುಗಳನ್ನು ಕೊಳ್ಳುವಾಗಲೂ ನಮ್ಮ ಜನರು ಇದಕ್ಕಿಂತ ಹೆಚ್ಚು ವಿಚಾರ ಮಾಡುತ್ತಾರೆ.

ಅಂಕಗಳನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಅವುಗಳ ತೂಕವೆಷ್ಟೆಂಬುದನ್ನು ಅರಿತುಕೊಳ್ಳಬೇಕಷ್ಟೆ. 2023ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಲ್ಲಿ ಶೇಕಡ 83.89 ಮಂದಿ ತೇರ್ಗಡೆಯಾದರು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾದ ಕಾವಲು ಬಂದ 2024ರಲ್ಲಿ, ಕೃಪಾಂಕಗಳನ್ನು ಹೆಚ್ಚಿಸಿದಾಗ್ಯೂ, ಆ ಪ್ರಮಾಣವು 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿಯು ಅಷ್ಟು ಕುಂದಿತೆಂದು ಹೇಳುವ ಧೈರ್ಯ ಯಾರಿಗಿದೆ? ಪರೀಕ್ಷೆ ನಡೆದ ಕ್ರಮ ಬದಲಾದೊಡನೆ ಇಷ್ಟು ಏರಿಳಿಯುವ ಅಳತೆಗೋಲನ್ನು ನೆಚ್ಚಿ ಹದಿನಾರರ ಹುಡುಗನ ಆಯುಷ್ಯವನ್ನೆಲ್ಲ ಒಂದೇ ಸಂಜೆಯಲ್ಲಿ ಅಳೆದುಬಿಡುವುದು ಸಾಹಸವೇ ಸರಿ.

ನಮ್ಮ ಜಿಲ್ಲೆಯವರೇ ಆದ ಇಬ್ಬರು ಮಹನೀಯರ ಚರಿತ್ರೆಯನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಜೀವನ ಸಾಗಿಸುತ್ತ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಇಂಜಿನಿಯರಿಂಗ್ ಶಿಕ್ಷಣಕ್ಕೆಂದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅವರು ಪುಣೆಗೆ ಹೊರಟದ್ದು ಆ ಮೇಲೆಯೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆತನದ ಎಚ್. ನರಸಿಂಹಯ್ಯನವರು ಹಳ್ಳಿಯ ಓದು ಮುಗಿದ ಮೇಲೆ, 1935ರಲ್ಲಿ, ಬಸ್ಸಿನ ಹಣಕ್ಕೂ ಗತಿಯಿಲ್ಲದೆ ಕಾಲ್ನಡೆಯಿಂದ ಬೆಂಗಳೂರು ಸೇರಿ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದರು. 1942ರ ಚಳವಳಿಯಲ್ಲಿ ಕಾಲೇಜನ್ನು ಬಿಟ್ಟು ಸೆರೆಮನೆಗೆ ಹೋದರು. ಬಳಿಕ ಓದನ್ನು ಮುಂದುವರಿಸಿ ಅಧ್ಯಾಪಕರಾದರು. ಅಮೆರಿಕೆಯ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಒಬ್ಬರು ದಾರಿಯನ್ನು ಬದಲಿಸಿದರು, ಇನ್ನೊಬ್ಬರ ದಾರಿ ನಡುವೆ ಕಡಿದು ಮತ್ತೆ ಕೂಡಿತು. ಇಂತಹವರು ಅಪರೂಪವೆಂಬುದನ್ನು ಒಪ್ಪೋಣ. ಆದರೆ ಮೊದಲು ಹಿಡಿದ ಹಾದಿಯೇ ಕಡೆಯದೆಂದು ಅವರ ಮನೆಗಳಲ್ಲಿ ಯಾರಾದರೂ ಹಠ ಹಿಡಿದಿದ್ದರೆ ಏನಾಗುತ್ತಿತ್ತು?

ನಮ್ಮ ತಾಲ್ಲೂಕಿನ ಮಕ್ಕಳಿಗೆ ವಿಶೇಷವಾದ ತೊಡಕೊಂದುಂಟು. ಅನೇಕರಿಗೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಇದೇನೂ ಕೊರತೆಯಲ್ಲ, ಕೈವಾರದ ತಾತಯ್ಯನವರು ಎರಡು ಭಾಷೆಗಳಲ್ಲಿಯೂ ಹಾಡಿದವರೇ. ಆದರೆ ಕನ್ನಡದಲ್ಲಿ ಓದಿ 500 ಅಂಕ ಪಡೆದ ಬಾಲಕನನ್ನು ‘ವಿಜ್ಞಾನವೇ ಆಗಬೇಕು’ ಎಂದು ಪಿ.ಯು. ತರಗತಿಗೆ ದೂಡಿದಾಗ ಭೌತಶಾಸ್ತ್ರ, ರಸಾಯನಶಾಸ್ತ್ರಗಳೆಲ್ಲವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಮೊದಲ ಕೆಲವು ತಿಂಗಳು ಅವನು ಹೋರಾಡುವುದು ವಿಷಯದೊಡನೆ ಅಲ್ಲ, ಪದಗಳೊಡನೆ. ಅದನ್ನು ಅವನು ಮನೆಯಲ್ಲಿ ಹೇಳಲಾರ. ಹೇಳಿದರೆ ಸೋಮಾರಿಯೆಂಬ ಬಿರುದು ಸಿದ್ಧವಾಗಿರುತ್ತದೆ. ಸ್ವಾತಂತ್ರ್ಯ ಬಂದು ಇಷ್ಟು ಕಾಲ ಕಳೆದರೂ ಉನ್ನತ ವಿಜ್ಞಾನವನ್ನು ನಾಡಿನ ಭಾಷೆಯಲ್ಲಿ ಸಮರ್ಪಕವಾಗಿ ಕಲಿಸಲಾಗದ ನಾಚಿಕೆ ನಮ್ಮೆಲ್ಲರದು; ದಂಡವನ್ನು ತೆರುವವನು ಮಾತ್ರ ಆ ಹುಡುಗ. ವಿಜ್ಞಾನಕ್ಕೆ ಕಳುಹಿಸಬೇಡಿರೆಂದು ನಾವು ಹೇಳುತ್ತಿಲ್ಲ. ಕಳುಹಿಸುವ ಮೊದಲು ಈ ಸಂಗತಿಯನ್ನು ಅವನೊಡನೆ ಬಿಚ್ಚಿ ಮಾತನಾಡಿ, ರಜೆಯ ದಿನಗಳಲ್ಲಿ ಆ ಪರಿಭಾಷೆಯನ್ನು ಒಬ್ಬ ಅಧ್ಯಾಪಕರಿಂದ ಹೇಳಿಸಿ ಕಳುಹಿಸಿರೆಂಬುದೇ ನಮ್ಮ ವಿಜ್ಞಾಪನೆ.

ಇತರ ಹಾದಿಗಳಿಲ್ಲವೆ? ಪಾಲಿಟೆಕ್ನಿಕ್ ಡಿಪ್ಲೊಮಾವನ್ನು ನಮ್ಮ ಪೇಟೆಯವರು ಎರಡನೆಯ ದರ್ಜೆಯ ಓದೆಂದು ಮೂಗುಮುರಿಯುವುದುಂಟು. ಮೂರು ವರ್ಷದ ಆ ಓದನ್ನು ಮುಗಿಸಿದವನಿಗೆ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವಿರುವುದನ್ನು ಅವರು ವಿಚಾರಿಸಿಯೇ ಇರುವುದಿಲ್ಲ. ಹಿಪ್ಪುನೇರಳೆಯ ತೋಟಗಳ ನಡುವೆ ಬೆಳೆದ ಮಕ್ಕಳ ಊರಾದ ಈ ಚಿಂತಾಮಣಿಯಲ್ಲಿಯೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಮಹಾವಿದ್ಯಾಲಯವು 1995ರಿಂದ ಇದೆ. ಅದರ ದ್ವಾರವನ್ನು ಒಂದು ಸಲವಾದರೂ ಹೊಕ್ಕು ‘ಇಲ್ಲಿ ಸೇರಬೇಕಾದರೆ ಏನು ಓದಿರಬೇಕು?’ ಎಂದು ಕೇಳಿದ ತಂದೆತಾಯಿಗಳು ಎಷ್ಟು ಮಂದಿ? ಬೆಂಗಳೂರಿನ ಟ್ಯುಟೋರಿಯಲ್‌ಗಳ ವಿಳಾಸಗಳು ಮಾತ್ರ ಎಲ್ಲರಿಗೂ ಕಂಠಪಾಠ!

ಇನ್ನು ಅನುತ್ತೀರ್ಣರಾದವರ ಮಾತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಏರ್ಪಾಡಾಗಿತ್ತು. ಎರಡನೆಯದು ವಾರಗಳ ಅಂತರದಲ್ಲಿಯೇ ನಡೆಯುತ್ತದೆ. ಪಡೆದವುಗಳಲ್ಲಿ ಹೆಚ್ಚಿನ ಅಂಕಗಳನ್ನೇ ಉಳಿಸಿಕೊಳ್ಳಬಹುದು. ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿ ನೋಡುವುದಕ್ಕೂ ಮರುಮೌಲ್ಯಮಾಪನವನ್ನು ಕೋರುವುದಕ್ಕೂ ಅವಕಾಶವುಂಟು. ಆದರೆ ಅರ್ಜಿ ಸಲ್ಲಿಸುವ ಗಡುವು ಅತಿ ಕಿರಿದು. ಮನೆಯಲ್ಲಿ ಬೈಗುಳ, ಅಳು, ಉಪವಾಸಗಳಲ್ಲಿಯೇ ಆ ದಿನಗಳು ಕಳೆದುಹೋಗುತ್ತವೆ. ಒಂದು ವಿಷಯದಲ್ಲಿ ಹಿಂದುಳಿದ ಬಾಲಕನು ನೂಲು ಬಿಚ್ಚಾಣಿಕೆಯ ಕೆಲಸಕ್ಕೋ ಮಂಡಿಯ ಕೂಲಿಗೋ ಸೇರಿ, ಕೈಗೆ ನಾಲ್ಕು ಕಾಸು ಬಂದನಂತರ ಪುಸ್ತಕದ ಕಡೆ ತಿರುಗುವುದು ದುರ್ಲಭ. ಬಾಲಕಿಯ ಪಾಡಂತೂ ಇನ್ನೂ ಕಷ್ಟತರ. ಹದಿನೆಂಟು ತುಂಬದೆ ವಿವಾಹ ಕೂಡದೆಂದು 2006ರ ಕಾನೂನು ಸ್ಪಷ್ಟವಾಗಿ ಹೇಳುತ್ತಿದ್ದರೂ ‘ಫೇಲಾದಳಲ್ಲ, ಇನ್ನೇಕೆ ಓದು?’ ಎಂಬ ಮಾತಿನ ಬೆನ್ನಿಗೇ ವರಾನ್ವೇಷಣೆಯು ಆರಂಭವಾಗುತ್ತದೆ. ಅವಳು ಅನುತ್ತೀರ್ಣಳಾದದ್ದು ಗಣಿತದಲ್ಲಿ ನಾಲ್ಕು ಅಂಕಗಳಿಗೆ ಇರಬಹುದು.

ಆದುದರಿಂದ ಶಿಕ್ಷಣ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮದೊಂದು ಕೋರಿಕೆ. ಫಲಿತಾಂಶದ ಮರುದಿನದಿಂದ ಎರಡನೆಯ ಪರೀಕ್ಷೆಯ ಅರ್ಜಿಯ ಕೊನೆಯ ದಿನದವರೆಗೆ, ಬೇಸಿಗೆಯ ರಜೆಯೆಂದು ಬೀಗ ಹಾಕದೆ, ತಾಲ್ಲೂಕಿನ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಒಬ್ಬ ಉಪಾಧ್ಯಾಯರು ಸಾಯಂಕಾಲ ಎರಡು ಗಂಟೆಗಳ ಕಾಲ ಕುಳಿತಿರಲಿ. ಕೂಲಿ ಮುಗಿಸಿ ಬರುವ ತಂದೆತಾಯಿಗಳಿಗೆ ಒದಗುವ ಹೊತ್ತು ಅದೊಂದೇ. ಅನುತ್ತೀರ್ಣರ ಪಟ್ಟಿಯು ಶಾಲೆಯ ಗೋಡೆಯ ಮೇಲೆ ತೂಗದಿರಲಿ. ಅದನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗುವುದಕ್ಕೆ ನಮ್ಮ ಊರಿನ ಪದವೀಧರ ಯುವಕರಲ್ಲಿ ಹತ್ತು ಮಂದಿ ಮುಂದೆ ಬಂದರೆ ಸಾಕು. ಹೆಸರು ಕೊಡಬಯಸುವವರು ಈ ಪತ್ರಿಕೆಯ ಕಚೇರಿಗೆ ಬರಬಹುದು.