‘ಯಾರರ ಬೆನ್ನ ಹತ್ಯಾರೇನು?’

ಊರಿನಿಂದ ಯಾರೇ ಬರಲಿ, ಪುಣೆಯ ಕನ್ನಡಿಗರು ಅವರಿಗೆ ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ: ಶನಿವಾರವಾಡಾ, ದಗಡೂಶೇಟ್ ಗಣಪತಿ, ಸಾರಸಬಾಗ್, ಪರ್ವತಿ. ಕಳೆದ ಡಿಸೆಂಬರಿನಲ್ಲಿ ಧಾರವಾಡದಿಂದ ಅಪ್ಪ-ಅವ್ವ ಬಂದಾಗ ನಾವೂ ಅದೇ ಪಟ್ಟಿ ಹಿಡಿದು ಹೊರಟೆವು. ಪರ್ವತಿಯ ಬುಡಕ್ಕೆ ಬಂದಾಗ ಅಪ್ಪ, “ನೀವು ಹೋಗಿ ಬರ್ರಿ, ನಾ ಇಲ್ಲೇ ಕೂಡ್ತೀನಿ” ಎಂದರು. ಸಕ್ಕರೆ ಕಾಯಿಲೆಯಿಂದಾಗಿ ಅವರ ಎಡಗಾಲಿನ ಎರಡು ಬೆರಳು ತೆಗೆಸಿ ನಾಲ್ಕು ವರ್ಷವಾಗಿದೆ.

ಪೇಶ್ವೆ ನಾನಾಸಾಹೇಬರ ಕಾಲದ ಆ ದೇವಸ್ಥಾನಕ್ಕೆ 103 ಮೆಟ್ಟಿಲು. ಏಳು ವರ್ಷದ ಮಗಳು ಎಣಿಸುತ್ತಲೇ ಓಡಿದಳು. ಅವಳು ಮೇಲಿನಿಂದ “ನೂರಾ ಮೂರು!” ಎಂದು ಕೂಗಿದಾಗ ನಾನು ಅರ್ಧ ದಾರಿಯಲ್ಲಿ ಗೋಡೆಗೆ ಕೈಕೊಟ್ಟು ನಿಂತಿದ್ದೆ. ನನಗಾಗ 38 ವರ್ಷ. ಅವ್ವ ಕೂಡ ನನ್ನನ್ನು ದಾಟಿ ಹೋದಳು.

ಕೆಳಗೆ ಇಳಿದ ಮೇಲೆ ಅಪ್ಪ ನನ್ನ ಮುಖ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ನಿನ್ನ ವಯಸ್ಸಿನಾಗ ನನಗೂ ಹಿಂಗ ದಮ್ಮ ಹತ್ತತಿತ್ತು. ನಾ ಅದನ್ನ ಮನಸ್ಸಿಗೆ ಹಚ್ಕೊಳ್ಳಲಿಲ್ಲ.”

ಜನವರಿಯಲ್ಲಿ ಕಂಪನಿಯ ವಾರ್ಷಿಕ ಆರೋಗ್ಯ ತಪಾಸಣೆಯ ವರದಿ ಬಂತು. ಎಚ್‌ಬಿಎ1ಸಿ 6.1. ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ಹೇಳುವ ಪರೀಕ್ಷೆ ಇದು. 5.7ರಿಂದ 6.4ರವರೆಗೆ ಇದ್ದರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲ ಮೇಲೆ ನಿಂತಿದೆ ಎಂದರ್ಥ. ಹಿಂಜವಡಿಯಲ್ಲಿ ಕೆಲಸ, ಕೋಥರೂಡಿನಲ್ಲಿ ಮನೆ, ನಡುವೆ ಕಾರಿನಲ್ಲಿ ದಿನಕ್ಕೆ ಎರಡೂವರೆ ತಾಸು, ರಾತ್ರಿ ಹನ್ನೊಂದರವರೆಗೆ ಅಮೆರಿಕದವರ ಜೊತೆ ಕಾಲ್. ಹೊಸ್ತಿಲವರೆಗೆ ನಾನು ಹೇಗೆ ಬಂದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೊದಲ ಸಲ ಕೆಟ್ಟಿದ್ದು

ನಾನು ಮಾಡಿದ ಮೊದಲ ತಪ್ಪನ್ನು ನಿಮ್ಮಲ್ಲಿ ಹಲವರು ಮಾಡಿರುತ್ತೀರಿ. ಎಂಟು ಸಾವಿರದ ಬೂಟು, ಕೈಗಡಿಯಾರ, ಬೆವರು ಹೀರುವ ಟೀ ಶರ್ಟು ಎಲ್ಲ ತಂದೆ. ಮರುದಿನ ಬೆಳಿಗ್ಗೆ ಮನೆ ಹತ್ತಿರದ ಮೈದಾನಕ್ಕೆ ಹೋಗಿ, ಕಾಲೇಜಿನಲ್ಲಿ ಓಡುತ್ತಿದ್ದ ನೆನಪಿನಲ್ಲಿ ಓಡಿದೆ. ಮುನ್ನೂರು ಮೀಟರಿಗೆ ಎದೆ ಒಡೆದು ಹೋಗುವ ಹಾಗಾಯಿತು. ಆದರೂ ಬಿಡದೆ ಐದು ದಿನ ಸತತ ಓಡಿದೆ. ಆರನೆಯ ದಿನ ಎರಡೂ ಮುಂಗಾಲಿನ ಮೂಳೆಗುಂಟ ಎಂಥ ನೋವೆಂದರೆ ಆಫೀಸಿನ ಮೆಟ್ಟಿಲು ಇಳಿಯುವುದೂ ಕಷ್ಟವಾಯಿತು.

ಹೃದಯ, ಶ್ವಾಸಕೋಶಗಳು ಹೊಸ ಕೆಲಸಕ್ಕೆ ಕೆಲವೇ ವಾರಗಳಲ್ಲಿ ಒಗ್ಗುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು ಎಂದು ಫಿಸಿಯೋಥೆರಪಿಸ್ಟ್ ತಿಳಿಸಿಹೇಳಿದರು. ಉಸಿರು ಸುಧಾರಿಸಿತು ಎಂದು ನಾವು ಓಟ ಹೆಚ್ಚಿಸುತ್ತೇವೆ, ಕಾಲು ಇನ್ನೂ ತಯಾರಾಗಿರುವುದಿಲ್ಲ. ಮೂರು ವಾರ ಬೂಟು ಬಾಗಿಲ ಮೂಲೆಯಲ್ಲೇ ಉಳಿಯಿತು.

ಆ ವಾರಗಳಲ್ಲೇ ಅಪ್ಪನ ಫೋನು ಬಂತು. ಅವ್ವ ಸುದ್ದಿ ಮುಟ್ಟಿಸಿದ್ದಳು. “ಓಡಾಕ ಹತ್ತಿದ್ಯಂತಲ್ಲ, ಯಾರರ ಬೆನ್ನ ಹತ್ಯಾರೇನು?” ಎಂದು ನಕ್ಕರು. ನಾನೂ ನಕ್ಕೆ. ಫೋನಿಟ್ಟ ಮೇಲೆ ಹೌದಲ್ಲ ಅನ್ನಿಸಿತು. ಬೆನ್ನು ಹತ್ತಿದವರಿದ್ದಂತೆಯೇ ಓಡಿದ್ದೆ. 6.1 ಎಂಬ ಅಂಕಿಯನ್ನು ಐದೇ ದಿನಗಳಲ್ಲಿ ಹಿಂದೆ ಹಾಕಬೇಕಿತ್ತು ನನಗೆ.

ಅರವತ್ತು ಸೆಕೆಂಡು ಓಟ, ತೊಂಬತ್ತು ಸೆಕೆಂಡು ನಡಿಗೆ

ಫೆಬ್ರವರಿ ಕೊನೆಯಲ್ಲಿ ಮತ್ತೆ ಶುರು ಮಾಡಿದಾಗ ‘ಕೌಚ್ ಟು 5ಕೆ’ ಎಂಬ ಕ್ರಮ ಹಿಡಿದೆ. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕದವರು ರೂಪಿಸಿದ್ದು. ವಾರಕ್ಕೆ ಮೂರೇ ದಿನ, ಒಟ್ಟು ಒಂಬತ್ತು ವಾರ. ಮೊದಲ ವಾರದಲ್ಲಿ ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ ಇಪ್ಪತ್ತು ನಿಮಿಷ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಅಷ್ಟೇ. ಓದಿದಾಗ ಅವಮಾನವೆನಿಸಿತು, ಮಾಡಿದಾಗ ಬೆವರಿಳಿಯಿತು.

ವೇಗದ ಲೆಕ್ಕಕ್ಕೆ ಗಡಿಯಾರ ಬೇಡ, ಮಾತು ಸಾಕು. ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿದ್ದರೆ ವೇಗ ಸರಿ. ಎರಡು ಶಬ್ದಕ್ಕೆ ಉಸಿರು ಕಟ್ಟಿದರೆ ಜಾಸ್ತಿ. ನಾನು ಮಗ್ಗಿ ಹೇಳಿಕೊಂಡು ಓಡುತ್ತಿದ್ದೆ. ಹದಿಮೂರರ ಮಗ್ಗಿ ತಪ್ಪಿದರೆ ನಿಧಾನ ಮಾಡುತ್ತಿದ್ದೆ. ಹೀಗೆ ಓಡುವಾಗ ಮೈದಾನದಲ್ಲಿ ನಡೆಯುವ ಅಜ್ಜಂದಿರು ನನಗಿಂತ ಬಹಳ ಹಿಂದೇನೂ ಇರುತ್ತಿರಲಿಲ್ಲ.

ಆ ಅಜ್ಜಂದಿರಲ್ಲಿ ಒಬ್ಬರು ಎಪ್ಪತ್ತು ದಾಟಿದ ಕಾಕಾ. ಬಿಳಿ ಬೂಟು, ತಲೆಗೆ ಮಫ್ಲರ್. ಮೊದಲ ವಾರ ನನ್ನ ಓಟ ನೋಡಿ “ಹಳೂ ಹಳೂ” ಎಂದರು. ನಿಧಾನ, ನಿಧಾನ. ಹೊರಡುವಾಗ “ಉದ್ಯಾ ಯೇಣಾರ್ ನಾ?” ಎಂದು ಕೇಳಿದರು, ನಾಳೆ ಬರ್ತೀರಲ್ಲ ಅಂತ. ಎಷ್ಟು ಓಡಿದೆ, ಎಷ್ಟು ನಿಮಿಷದಲ್ಲಿ ಓಡಿದೆ ಎಂದು ಅವರು ಇವತ್ತಿನವರೆಗೆ ಕೇಳಿಲ್ಲ. ದಿನಾ ಕೇಳುವುದು ಅದೊಂದೇ. ಹತ್ತು ವರ್ಷ ಈ ಊರಲ್ಲಿದ್ದರೂ, ನಾನು ಬರದಿದ್ದರೆ ಗಮನಿಸುವವರು ಆಫೀಸಿನ ಹೊರಗೆ ಅಷ್ಟರವರೆಗೆ ಯಾರೂ ಇರಲಿಲ್ಲ.

ಐದನೆಯ ವಾರದ ಮೂರನೆಯ ದಿನ ಈ ಕ್ರಮದಲ್ಲಿ ಒಂದು ಪರೀಕ್ಷೆ ಇದೆ. ಅಲ್ಲಿಯವರೆಗೆ ಓಡು-ನಡೆ ಎನ್ನುತ್ತಿದ್ದದ್ದು ಒಮ್ಮೆಗೇ ಇಪ್ಪತ್ತು ನಿಮಿಷ ನಿಲ್ಲದೆ ಓಡಲು ಹೇಳುತ್ತದೆ. ನಾನು ಎರಡು ಸಲ ಸೋತೆ. ನಾಲ್ಕನೆಯ ವಾರಕ್ಕೆ ಹಿಂತಿರುಗಿ ಮತ್ತೆ ಬಂದೆ. ಪ್ರಾಜೆಕ್ಟಿನ ರಿಲೀಸ್ ಎಂದು ಒಂದು ವಾರ, ಮಗಳ ಜ್ವರ ಎಂದು ಒಂದು ವಾರ ತಪ್ಪಿತು. ಒಂಬತ್ತು ವಾರದ ಕ್ರಮ ಮುಗಿಸಲು ನನಗೆ ಹಿಡಿದದ್ದು ಹದಿನಾಲ್ಕು ವಾರ. ಜೂನ್ ಮೊದಲ ವಾರ ಐದು ಕಿಲೋಮೀಟರು 41 ನಿಮಿಷದಲ್ಲಿ ಮುಗಿಯಿತು. ಒಳ್ಳೆಯ ಓಟಗಾರರು ಅಷ್ಟರಲ್ಲಿ ಹತ್ತು ಕಿಲೋಮೀಟರು ಓಡಿರುತ್ತಾರೆ.

ಯಾವ ಮ್ಯಾರಥಾನ್?

ಪುಣೆಯಲ್ಲಿ ಓಡುತ್ತೇನೆ ಎಂದರೆ ಮರುಪ್ರಶ್ನೆ “ಯಾವ ಮ್ಯಾರಥಾನಿಗೆ?” ಇಲ್ಲಿ 1983ರಲ್ಲೇ ಅಂತಾರಾಷ್ಟ್ರೀಯ ಮ್ಯಾರಥಾನ್ ಶುರುವಾಗಿದೆ. ಅದನ್ನು ಆರಂಭಿಸಿದ ಸುರೇಶ್ ಕಲ್ಮಾಡಿಯವರ ಮೂಲ ನಮ್ಮ ಕರಾವಳಿ. ಗಣೇಶನಗರದ ಕನ್ನಡ ಸಂಘದ ಹೈಸ್ಕೂಲಿಗೆ ಇರುವುದು ಅವರ ತಂದೆ ಡಾ. ಶಾಮರಾವ್ ಕಲ್ಮಾಡಿಯವರ ಹೆಸರು. ಆ 42.195 ಕಿಲೋಮೀಟರಿನ ಬಗ್ಗೆ ನನಗೆ ಗೌರವವಿದೆ, ಆದರೆ ನನ್ನ ಲೆಕ್ಕ ಬೇರೆ.

ಅದು ಹೀಗೆ. ಸ್ನಾಯುಗಳು ಕೆಲಸ ಮಾಡುವಾಗ ರಕ್ತದಿಂದ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಎಳೆದುಕೊಳ್ಳುತ್ತವೆ. ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಆ ಲಾಭ ಕರಗುತ್ತದೆ. ಅದಕ್ಕೇ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎನ್ನುತ್ತಾರೆ ವೈದ್ಯರು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯುಬಲಕ್ಕೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಭಾನುವಾರ ಇಪ್ಪತ್ತು ಕಿಲೋಮೀಟರು ಓಡಿ ಹತ್ತು ದಿನ ಮಲಗುವವನಿಗಿಂತ, ಮೂರು ಕಿಲೋಮೀಟರು ನಿಧಾನ ಓಡಿ ನಾಡಿದ್ದು ಮತ್ತೆ ಬರುವವನಿಗೆ ಲಾಭ ಹೆಚ್ಚು. ಕಾಕಾ ಅವರ ಪ್ರಶ್ನೆಯ ಅರ್ಥ ಆಗ ಹೊಳೆಯಿತು.

ಇದನ್ನೇ ಜೂನ್ ತಿಂಗಳಲ್ಲಿ ಇನ್ನೊಂದು ರೀತಿ ಕಂಡೆ. ಆಳಂದಿಯಿಂದ ಜ್ಞಾನೇಶ್ವರರ ಪಾಲಕಿ, ದೇಹೂವಿನಿಂದ ತುಕಾರಾಮರ ಪಾಲಕಿ ಪುಣೆಗೆ ಬಂದು ತಂಗಿ, ಆಷಾಢ ಏಕಾದಶಿಗೆ ಪಂಢರಪುರ ಮುಟ್ಟುತ್ತವೆ. ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಪ್ರತಿವರ್ಷ ಆಫೀಸಿಗೆ ಹೋಗುವ ದಾರಿ ಬಂದ್ ಎಂದು ಬೈದುಕೊಳ್ಳುತ್ತಿದ್ದವನು ಈ ಸಲ ಹೋಗಿ ನಿಂತೆ. ತಲೆಯ ಮೇಲೆ ತುಳಸಿ ಹೊತ್ತ ಅಜ್ಜಿಯರು, ಸವೆದ ಚಪ್ಪಲಿಯ ರೈತರು. ಯಾರಿಗೂ ಅವಸರವಿಲ್ಲ, ಯಾರೂ ನಿಲ್ಲುವುದಿಲ್ಲ. ನಾನು ನನ್ನ ಎಂಟು ಸಾವಿರದ ಬೂಟು ನೋಡಿಕೊಂಡೆ. ಮರಾಠಿಯ ‘ವಾರಿ’ ಎಂಬ ಶಬ್ದಕ್ಕೆ ನಿಯಮ ತಪ್ಪದೆ ಹೋಗಿಬರುವುದು ಎಂದೇ ಅರ್ಥವಂತೆ.

ಈಗಿನ ವಾರ

ಮಂಗಳವಾರ, ಗುರುವಾರ ಮೈದಾನದಲ್ಲಿ ಓಟ. ನಡುವಿನ ಎರಡು ದಿನ ಮನೆಯಲ್ಲೇ ಹದಿನೈದು ನಿಮಿಷ ಬಸ್ಕಿ, ದಂಡ. ಭಾನುವಾರ ವೇತಾಳ ಟೇಕಡಿ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಇದು ನಗರದ ಅತಿ ಎತ್ತರದ ಜಾಗ. ಪೌಡ್ ರಸ್ತೆಯ ಕಡೆಯಿಂದ ಎಆರ್‌ಎಐ ದಾರಿ ಹಿಡಿದು ಹತ್ತುತ್ತೇನೆ. ಹಳೆಯ ಕಲ್ಲುಕ್ವಾರಿಯ ನೀರು, ನವಿಲಿನ ಕೂಗು, ಮೇಲೆ ವೇತಾಳನ ಗುಡಿ. ರಸ್ತೆ, ಸುರಂಗಗಳ ಯೋಜನೆಗೆ ವಿರೋಧವಾಗಿ 2023ರ ಏಪ್ರಿಲಿನಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟಾಗ ಒಂದು ಗುಡ್ಡಕ್ಕಾಗಿ ಇಷ್ಟೇಕೆ ಎಂದುಕೊಂಡಿದ್ದೆ. ಈಗ ಕೇಳುವುದಿಲ್ಲ. ಮಳೆಗಾಲದಲ್ಲಿ ಕಪ್ಪುಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಜುಲೈನಲ್ಲಿ ಒಮ್ಮೆ ಜಾರಿ ಮೊಣಕೈ ಕೆತ್ತಿಸಿಕೊಂಡ ಮೇಲೆ ಇಳಿಜಾರಿನಲ್ಲಿ ಓಡುವುದನ್ನು ಬಿಟ್ಟಿದ್ದೇನೆ.

ಇನ್ನೊಂದು ತಪ್ಪೂ ಹೇಳಿಬಿಡುತ್ತೇನೆ. ಮೊದಲ ಮೂರು ತಿಂಗಳು ಭಾನುವಾರದ ಟೇಕಡಿ ಮುಗಿದೊಡನೆ ಮಿಸಳ್, ಮೇಲೊಂದು ಜಿಲೇಬಿ. ಹತ್ತಿ ಇಳಿದದ್ದಕ್ಕೆ ಬಹುಮಾನ. ತೂಕ ನೂರು ಗ್ರಾಂ ಕೂಡ ಇಳಿಯಲಿಲ್ಲ. ಹೆಂಡತಿ ಒಂದು ದಿನ ಬಿಲ್ಲು ತೋರಿಸಿ, “ಇದು ಓಟದ ಖರ್ಚೋ, ಓಟಾನೇ ಇದರ ಖರ್ಚೋ?” ಎಂದಳು. ಈಗ ಮಿಸಳ್ ತಿಂಗಳಿಗೊಮ್ಮೆ.

ಆಗಸ್ಟಿನಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. 5.8. ತೂಕ ಮೂರು ಕಿಲೋ ಕಡಿಮೆ. ಹೊಸ್ತಿಲಿನಿಂದ ಪೂರ್ತಿ ಹಿಂದೆ ಸರಿದಿಲ್ಲ. ಡಾಕ್ಟರು ವರದಿ ಮಡಚಿಕೊಡುತ್ತಾ, “ಅಪ್ಪನಿಂದ ಬಂದದ್ದು ಇರುತ್ತದೆ. ನೀವು ಬಿಡಬೇಡಿ” ಎಂದರು. ನನಗೆ ಸ್ವಲ್ಪ ನಿರಾಸೆಯಾಯಿತು, ಸುಳ್ಳು ಹೇಳುವುದಿಲ್ಲ. ಮರುದಿನ ಗುರುವಾರವಾಗಿತ್ತು, ಓಡಿದೆ.

ನೀವು ಮುಂಬೈನಲ್ಲಿರಿ, ಹೈದರಾಬಾದಿನಲ್ಲಿರಿ, ದಿಲ್ಲಿಯಲ್ಲಿರಿ, ಶುರು ಮಾಡುವ ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ. ಆಮೇಲೆ ನಾಚಿಕೆಯಾಗುವಷ್ಟು ನಿಧಾನವಾಗಿ ಶುರು ಮಾಡಿ. ಸಾಧ್ಯವಾದರೆ ದಿನಾ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಹೋಗಿ, ಅಲ್ಲಿರುವವರಿಗೆ ನಮಸ್ಕಾರ ಹೇಳಿ. ಭಾಷೆ ಯಾವುದಾದರೂ ನಡೆಯುತ್ತದೆ.

ಆಗಸ್ಟಿನ ವರದಿಯ ಸುದ್ದಿ ಹೇಳಲು ಅಪ್ಪನಿಗೆ ಫೋನು ಮಾಡಿದ್ದೆ. ಅಂಕಿ ಕೇಳಿಸಿಕೊಂಡು “ಹೌದನು” ಎಂದಷ್ಟೇ ಅಂದರು. ಎರಡು ದಿನ ಬಿಟ್ಟು ಅವ್ವ ಹೇಳಿದಳು, ಅಪ್ಪ ಡಾಕ್ಟರನ್ನು ಕೇಳಿ, ಪಾದಕ್ಕೆ ಹೊಂದುವ ಮೆತ್ತನೆಯ ಬೂಟು ಮಾಡಿಸಿಕೊಂಡು, ಸಂಜೆ ಅಂಗಳದಲ್ಲಿ ಹತ್ತು ನಿಮಿಷ ಅಡ್ಡಾಡಲು ಶುರು ಮಾಡಿದ್ದಾರೆ ಎಂದು. ಈಗ ಹದಿನೆಂಟು ನಿಮಿಷಕ್ಕೆ ಬಂದಿದೆ. ಪ್ರತಿ ರಾತ್ರಿ ಅಮೆರಿಕದ ಕಾಲ್ ಶುರುವಾಗುವ ಮುಂಚೆ ನಾನು ಫೋನು ಹಚ್ಚಿ ಕೇಳುತ್ತೇನೆ: “ಅಪ್ಪಾ, ನಾಳೆ ಅಡ್ಡಾಡ್ತೀರಿಲ್ಲೋ?”